ಯಾನೆಕ್‌ನ ದಿಂಬಿನ ಕೆಳಗಿದ್ದದ್ದು

ನನ್ನ ಕಾಕೂ,

ನಿನಗೆ ಓದಲು ಬರುತ್ತಿರಲಿಲ್ಲ, ನಾನು ಶಾಲೆ ಬಿಟ್ಟವಳು. ಆದರೂ ಬರೆಯುತ್ತಿದ್ದೇನೆ. ಬಾಯಿಬಿಟ್ಟು ಹೇಳೋಣವೆಂದರೆ ನನ್ನ ಬಾಯಿಯ ಮೇಲೆ ನನಗೇ ನಂಬಿಕೆ ಹೋಗಿದೆ. ಅವ್ವ ತೀರಿದ ಮೇಲೆ, ಕಾಕನ ಹೆಂಡತಿಯಾಗಿ ನನ್ನನ್ನು ಸಾಕಿದವಳು ನೀನು. ನೀನು ಕೊನೆಗೆ ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರ ನೆನಪಾದಾಗಲೆಲ್ಲ...

ವಳಿವಡೆಯ ನಿರಾಶ್ರಿತರ ಛಾವಣಿಗೆ ಮೊದಲ ಸಲ ಹೋದ ದಿನ ನೆನಪಿದೆಯೇ? ಯುದ್ಧದಲ್ಲಿ ಮನೆಮಠ ಕಳೆದುಕೊಂಡು, ಹಿಮದ ದೇಶದಲ್ಲಿ ಹಸಿದು ಹಸಿದು ಹೇಗೋ ಬದುಕಿ ಉಳಿದು, ನಮ್ಮ ಕೊಲ್ಹಾಪುರದವರೆಗೆ ಬಂದಿಳಿದ ಪೋಲಂಡಿನ ಮಕ್ಕಳು ಅಲ್ಲಿದ್ದರು. ಅವರಿಗೆಂದು ನಮ್ಮ ಓಣಿಯ ಹೆಂಗಸರು ಇಚಲಕರಂಜಿಯ ಮಗ್ಗದ ಶೆಡ್ಡುಗಳಿಂದ ಚಿಂದಿ ತರಿಸಿ ಮಳೆಗಾಲವಿಡೀ ಕೌದಿ ಹೊಲಿದಿದ್ದರು. ಟಾಂಗಾದಲ್ಲಿ ಆ ಕೌದಿಗಳ ಮೇಲೆ ಕೂತು ನೀನು ನನಗೆ ಬುದ್ಧಿ ಹೇಳಿದೆ. "ಅಲ್ಲಿ ಸುಮ್ಮ ಇರಬೇಕ ನೋಡ. ಶಾಲಿ ಬಿಟ್ಟಾಕಿ ಆದ್ರೂ ನಿನ್ನ ಬಾಯಿ ಹೆಡ್‌ಮಾಸ್ತರಂದ ಐತಿ." ಟಾಂಗಾದವನು ನಕ್ಕ. "ಹೆಡ್‌ಮಾಸ್ತರಗ ಟಾಂಗಾದಾಗ ಅರ್ಧಾ ಬಾಡಗಿ ರೀ, ಅಕ್ಕಾರ" ಎಂದ. ನೀನೂ ನಕ್ಕೆ.

ಬ್ಯಾರಕ್ಕಿನ ಒಳಗೆ ಕಾಲಿಟ್ಟಾಗ ಮಕ್ಕಳು ಶಾಲೆಗೆ ಹೋಗಿದ್ದರು. ಕೌದಿ ಹಾಸಲೆಂದು ನೀನು ಒಂದು ದಿಂಬು ಎತ್ತಿದೆ. ಕೆಳಗೆ ಒಣಗಿದ ಬ್ರೆಡ್ಡಿನ ತುಂಡುಗಳು, ಇರುವೆ. ಇನ್ನೊಂದು ದಿಂಬು ಎತ್ತಿದರೂ ಅದೇ. ಹೊತ್ತು ಮುಳುಗಿದ ಮೇಲೆ ಉಣ್ಣದ, ರಾತ್ರಿ ಕಳೆದ ಅನ್ನ ಮುಟ್ಟದ ನಮ್ಮ ಜೈನರ ಮನೆಯಲ್ಲಿ ಬಾಳಿದ ನೀನು ಹೌಹಾರಿದೆ. "ಅಯ್ಯ, ಹುಳಾ ಹುಟ್ಟಿದ್ದ ತಿಂತಾವಲ್ಲ ಕೂಸಗೋಳು! ಹೇಳಾವ್ರು ಯಾರೂ ಇಲ್ಲೇನ ಇವಕ್ಕ?" ಎಂದು ಎಲ್ಲ ಹಾಸಿಗೆಗಳಿಂದ ಬ್ರೆಡ್ಡು ಆರಿಸಿ ಸೆರಗಿಗೆ ತುಂಬಿಕೊಂಡು, ಹೊರಗಿದ್ದ ಆಕಳಿಗೆ ಹಾಕಿದೆ. ನಾನು ಪಕ್ಕದಲ್ಲೇ ಇದ್ದೆ. ಸರಿಯೇ ಮಾಡಿದೆ ಎಂದು ನನಗೂ ಅನಿಸಿತ್ತು.

ಶಾಲೆ ಮುಗಿಸಿ ಬಂದ ಹುಡುಗನೊಬ್ಬ ದಿಂಬಿನ ಕೆಳಗೆ ನೋಡಿ, ಹೊರಗೆ ಓಡಿಬಂದು ಆಕಳ ಬಾಯಿಗೆ ಕೈಹಾಕಿದ್ದನ್ನು ಹೇಗೆ ಮರೆಯಲಿ? ಯಾನೆಕ್, ಒಂಬತ್ತು ವರ್ಷದವನಿರಬೇಕು. ಅಳಲಿಲ್ಲ. ಜೊಲ್ಲು ಹತ್ತಿದ ಒಂದು ತುಂಡನ್ನು ಆಕಳ ಹಲ್ಲಿನ ಸಂದಿಯಿಂದ ಎಳೆದುಕೊಂಡು ಜೇಬಿಗೆ ಹಾಕಿಕೊಂಡ. ಅವರನ್ನು ನೋಡಿಕೊಳ್ಳುತ್ತಿದ್ದ ಪೋಲಂಡಿನ ಹೆಂಗಸು ಹರುಕುಮುರುಕು ಹಿಂದಿಯಲ್ಲಿ ನಮಗೆ ತಿಳಿಸಿ ಹೇಳಿದಳು. ಈ ಮಕ್ಕಳಿಗೆ ನಾಳೆ ಊಟ ಸಿಗುತ್ತದೆಂಬ ನಂಬಿಕೆಯಿಲ್ಲ. ಇವನ ತಾಯಿ ತನ್ನ ಪಾಲಿನದನ್ನು ಇವನಿಗೇ ತಿನ್ನಿಸಿ ರೈಲಿನಲ್ಲಿ ಸತ್ತಳು. ಅವಳನ್ನು ಹಳಿಯ ಪಕ್ಕ ಇಳಿಸಿ ರೈಲು ಮುಂದೆ ಹೋಯಿತು. ನೀನು ಸೆರಗು ಕೊಡವುತ್ತಿದ್ದೆ. ಅದರಲ್ಲಿ ಆಗ ಏನೂ ಉಳಿದಿರಲಿಲ್ಲ.

ಆಮೇಲೆ ನೀನು ತುಪ್ಪ ಸವರಿದ ಬಿಸಿ ಚಪಾತಿ ಕಟ್ಟಿಕೊಂಡು ಎಷ್ಟು ಸಲ ಹೋದೆ! ಛಾವಣಿಯ ಅಡುಗೆಮನೆಯಲ್ಲಿ ಕೊಟ್ಟದ್ದನ್ನು ಅವನು ಉಣ್ಣುತ್ತಿದ್ದ. ನಿನ್ನನ್ನು ಕಂಡರೆ ಮಾತ್ರ ಜೇಬು ಒತ್ತಿ ಹಿಡಿದು ಓಡುತ್ತಿದ್ದ. "ಇವತ್ತ ಹಿಂದ ತಿರುಗಿ ನೋಡ್ಯಾನ, ನಾಳೆ ತಗೊಂತಾನ" ಎನ್ನುತ್ತಿದ್ದೆ ನೀನು. ಆ ನಾಳೆ...

ಬಸದಿಯ ಅಂಗಳದಲ್ಲಿ ನಮ್ಮ ಓಣಿಯ ಗಂಗಕ್ಕ ನಿನ್ನನ್ನು ಹೊಗಳಿದ ದಿನವೇ ನನ್ನನ್ನು ಸುಡುವುದು. "ವೈನಿ, ಪರದೇಶದ ಕೂಸಗಳಿಗೆ ಉಣಿಸಿ ಭಾಳ ಪುಣ್ಯಾ ಕಟಗೊಂಡಿ" ಎಂದಳು. ಸುಳ್ಳು ಹೊಗಳಿಕೆ ನನಗೆ ತಡೆಯಲಾಗಲಿಲ್ಲ. "ಎಲ್ಲೀ ಪುಣ್ಯಾ? ಹಸದ ಕೂಸಿನ ಕೂಳ ಕಸಗೊಂಡ ಆಕಳಿಗೆ ಹಾಕಿ ಬಂದಾಳ" ಎಂದುಬಿಟ್ಟೆ. ಗಂಗಕ್ಕ ನನ್ನನ್ನು ಬೈದಳು. ನೀನು ಬೈಯಲಿಲ್ಲ. "ಆಕಿ ಹೇಳೂದು ಖರೇ ಐತಿ" ಎಂದೆ. ಮರುದಿನದಿಂದ ನೀನು ಕೌದಿಯ ಸೂಜಿ ಮುಟ್ಟಲಿಲ್ಲ. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ನಿನ್ನ ಬಿಸಿ ಚಪಾತಿಗಳು, ಆ ಓಡಾಟ, ಅವೂ ಖರೆಯೇ ಅಲ್ಲವೇ? ಅವನ್ನು ನಾನೇಕೆ ಹೇಳಲಿಲ್ಲ?

ಜ್ವರ ಹಿಡಿದು ಮಲಗಿದಾಗ ನೀನು ಚಪಾತಿಯನ್ನು ನನ್ನ ಕೈಯಲ್ಲಿ ಕಳಿಸುತ್ತಿದ್ದೆ. ಕೊನೆಯ ಸಂಜೆ ನಾನು ಮರಳಿದಾಗ ನೀನು ಕಣ್ಣು ತೆರೆದು "ತಿಂದ್ನೇನ?" ಎಂದೆ. "ಇಲ್ಲ, ಓಡಿಹೋದ" ಎಂದೆ ನಾನು. ನೀನು ಗೋಡೆಯ ಕಡೆ ಹೊರಳಿದೆ. ಅದೇ ನಿನ್ನ ಕೊನೆಯ ಮಾತಾಯಿತು. ಹೂಂ ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು, ಕಾಕೂ? ಈಗ ಗಡಹಿಂಗ್ಲಜದಿಂದ ನಿನ್ನ ತಂಗಿ ಬಂದು "ಅಕ್ಕ ಶಾಂತ ಹೋದಳೇನ?" ಎಂದು ಕೇಳಿದರೆ ನಾನು ಒಳಗೆ ಎದ್ದು ಹೋಗುತ್ತೇನೆ.

ಮೊನ್ನೆ ಉಳಿದ ಕೌದಿಗಳನ್ನು ಕೊಡಲು ಹೋದಾಗ ಅಲ್ಲಿ ಸತ್ತವರನ್ನು ನೆನೆಯುವ ಅವರ ದಿನ. ಗೋರಿ ಇಲ್ಲದವರ ಹೆಸರಿನಲ್ಲಿ ಮಕ್ಕಳು ದೊಡ್ಡ ಶಿಲುಬೆಯ ಬುಡದಲ್ಲಿ ಮೇಣಬತ್ತಿ ಹಚ್ಚುತ್ತಿದ್ದರು. ಯಾನೆಕ್ ನನ್ನನ್ನು ಕಂಡು ಓಡಲಿಲ್ಲ. ನನ್ನ ಹಿಂದೆ ದಾರಿ ನೋಡಿ, ಸಂತೆಯಲ್ಲಿ ಕಲಿತ ಮರಾಠಿಯಲ್ಲಿ "ಕಾಕು ಕುಠೇ?" ಎಂದ. ಕಾಕು ಎಲ್ಲಿ? "ಗೇಲೀ" ಎಂದೆ. ಹೋದಳು ಎಂದರೆ ಏನೆಂದು ಆ ಹುಡುಗನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ತಾಯಿಗೆಂದು ಹಚ್ಚಿದ್ದರ ಪಕ್ಕ ಇನ್ನೊಂದನ್ನು ನೆಟ್ಟು ಹಚ್ಚಿದ. ಬೆರಳಿಟ್ಟು ತೋರಿಸಿ "ಕಾಕು" ಎಂದ.

ಹೊತ್ತು ಮುಳುಗುತ್ತಿತ್ತು. ದೀಪದ ಹುಳಗಳು ಬಂದು ಉರಿಗೆ ಬೀಳತೊಡಗಿದವು. ಜೀವಿಗಳು ಸಾಯುತ್ತವೆಂದು ನಮ್ಮ ಮನೆಯಲ್ಲಿ ಈ ಹೊತ್ತಿಗೆ ನೀನು ದೀಪ ಆರಿಸುತ್ತಿದ್ದೆ. ಬತ್ತಿ ಆರಿಸಲು ನನ್ನ ಕೈ ತಾನಾಗಿ ಮುಂದೆ ಹೋಯಿತು. ಅವನು ನನ್ನ ಮುಖ ನೋಡಲಿಲ್ಲ, ಆ ಕೈಯನ್ನೇ ನೋಡುತ್ತಿದ್ದ.

ಕೈ ಹಿಂದೆ ತೆಗೆದುಕೊಂಡೆ, ಕಾಕೂ. ನಿನ್ನನ್ನು ಕ್ಷಮಿಸಿದ್ದಾನೆಂದು ನಾನು ಬರೆಯಲಾರೆ. ಅವನು ಹಾಗೆ ಹೇಳಲಿಲ್ಲ. ಸ್ವಲ್ಪ ಸರಿದು ನನಗೆ ಕೂರಲು ಜಾಗ ಕೊಟ್ಟ. ನಿನ್ನ ಬತ್ತಿ ಪೂರ್ತಿ ಉರಿದು ಮುಗಿಯುವವರೆಗೆ ಇಬ್ಬರೂ ಕೂತಿದ್ದೆವು.