ಐವತ್ತಕ್ಕೆ ನಲವತ್ತೊಂಬತ್ತು ತೆಗೆದ ತಪ್ಪಿಗೆ

ಮಾನ್ಯ ಪ್ರೋತ್ಸಾಹಧನ ಯೋಜನಾಧಿಕಾರಿಗಳೇ,

ನಮ್ಮ ಶಾಲೆಯ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಗಣಿತದಲ್ಲಿ ಐವತ್ತಕ್ಕೆ ನಲವತ್ತೊಂಬತ್ತು ಅಂಕ ತೆಗೆದಳು. ಆ ತಪ್ಪಿಗೆ ಅವಳೀಗ ದಿನಾ ಮಧ್ಯಾಹ್ನ ಮೂಲೆಯ ಕೋಣೆಯಲ್ಲಿ ಕುಳಿತು ಒಂದರಿಂದ ಹತ್ತರವರೆಗೆ ಮಣಿ ಎಣಿಸುತ್ತಿದ್ದಾಳೆ. ಇದರಲ್ಲಿ ನಿಮ್ಮ ಪಾಲೂ ಇದೆ, ನನ್ನ ಪಾಲೂ ಇದೆ. ನನ್ನದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ನಿಮ್ಮದನ್ನು ನೀವೂ ಒಪ್ಪಿಕೊಳ್ಳಬೇಕು ಎಂದೇ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ನಿಮ್ಮ ಯೋಜನೆ ಏನೆಂದು ಆ ನಾಲ್ಕು ಜನಕ್ಕೂ ತಿಳಿಯಲಿ. ಶಾಲೆ ಶುರುವಾದಾಗ ಮಕ್ಕಳಿಗೊಂದು ಪರೀಕ್ಷೆ, ವರ್ಷದ ಕೊನೆಗೆ ಅಂಥದ್ದೇ ಇನ್ನೊಂದು. ಎರಡರ ನಡುವಿನ ವ್ಯತ್ಯಾಸವೇ ಶಿಕ್ಷಕರ ಕಾರ್ಯಕ್ಷಮತೆ. ವ್ಯತ್ಯಾಸ ಎಷ್ಟು ದೊಡ್ಡದೋ ಪ್ರೋತ್ಸಾಹಧನವೂ ಅಷ್ಟು ದೊಡ್ಡದು. ಪರೀಕ್ಷೆ ಈ ವರ್ಷ, ಅದರ ಹಣ ಮುಂದಿನ ವರ್ಷ. ಸಭಾಂಗಣದಲ್ಲಿ ನೀವು ಏಣಿಯ ಚಿತ್ರ ತೋರಿಸಿ ಇದನ್ನೆಲ್ಲ ವಿವರಿಸಿದಾಗ ನಾವು ಚಪ್ಪಾಳೆ ತಟ್ಟಿದೆವು. ಏಣಿ ಹತ್ತುವುದಕ್ಕಿಂತ ನೆಲವನ್ನೇ ಇನ್ನಷ್ಟು ಅಗೆಯುವುದು ಸುಲಭ ಎಂದು ನಮಗೆ ಹೊಳೆದದ್ದು ಆಮೇಲೆ, ಚಹಾ ಕುಡಿಯುವಾಗ.

ಅಗೆತಕ್ಕೆ ಮೊದಲು ಕೈಹಾಕಿದವರು ಆಟದ ಮೇಷ್ಟ್ರು. ಮೊದಲ ಓಟದ ಪರೀಕ್ಷೆಯನ್ನು ಅವರು ಮಕ್ಕಳ ಬೆನ್ನಿಗೆ ಪುಸ್ತಕ ತುಂಬಿದ ಚೀಲ ಹಾಕಿಸಿ ನಡೆಸಿದರು. ವರ್ಷದ ಕೊನೆಗೆ ಚೀಲ ಇಳಿಸಿಬಿಟ್ಟರೆ ಇಡೀ ಶಾಲೆ ಜಿಂಕೆಯಂತೆ ಓಡುತ್ತದೆ. ಚಿತ್ರಕಲೆಯ ಮಿಸ್ ಎಲ್ಲರಿಂದಲೂ ಎಡಗೈಯಲ್ಲಿ ಚಿತ್ರ ಬರೆಸಿದರು. ತರಗತಿಯಲ್ಲಿದ್ದ ಇಬ್ಬರು ಎಡಚರು ಸೊಗಸಾಗಿ ಬರೆದು ಅವರ ಲೆಕ್ಕಾಚಾರ ಕೆಡಿಸಿದರಂತೆ. ಗಂಟೆ ಹೊಡೆಯುವ ಜವಾನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಮಿಸ್, ಈ ವಾರ ನಾನು ಹತ್ತು ನಿಮಿಷ ಲೇಟಾಗಿ ಹೊಡೀಲಾ? ಆಮೇಲೆ ನಿಧಾನಕ್ಕೆ ಸುಧಾರಿಸ್ಕೋತೀನಿ" ಎಂದು ಕೇಳಿದ. ಯೋಜನೆಯನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ನಿಮ್ಮ ಕಚೇರಿಯಲ್ಲಿ ಎಷ್ಟು ಮಂದಿ ಇದ್ದಾರೆ?

ಇನ್ನು ನಮ್ಮ ವಿಷಯ. ನಾಲ್ಕನೇ ತರಗತಿಗೆ ಮೂರು ವಿಭಾಗ: ಒಂದು ಭಾಷೆಯ ಮೇಷ್ಟ್ರದು, ಒಂದು ನನ್ನದು, ಒಂದು ಹೊಸದಾಗಿ ಬಂದ ಚಿಕ್ಕ ಮಿಸ್‌ದು. ವಿಭಾಗದ ಮಕ್ಕಳ ಗಣಿತದ ಅಂಕ ಏರಿದರೆ ಹಣ ಆ ವಿಭಾಗದವರಿಗೆ. ಪ್ರತಿ ವರ್ಷ ಮೂರೂ ವಿಭಾಗದವರು ಮೇಜಿನ ಸುತ್ತ ಕುಳಿತು ಸರದಿಯ ಮೇಲೆ ಒಂದೊಂದು ಮಗುವನ್ನು ಆರಿಸಿಕೊಳ್ಳುತ್ತೇವೆ. ಜಾಣರು ಮೊದಲು ಹೋಗುತ್ತಿದ್ದರು. ಉಳಿದವರನ್ನು "ಇವನು ನಿಮಗೇ ಇರ್ಲಿ" ಎಂದು ಒಬ್ಬರ ಮೇಲೊಬ್ಬರು ಹೇರುತ್ತಿದ್ದೆವು. ಅದೇನು ದೊಡ್ಡ ಪುಣ್ಯದ ಕೆಲಸವಾಗಿರಲಿಲ್ಲ. ಈ ವರ್ಷ ಅದು ತಲೆಕೆಳಗಾಯಿತು. ಐದನೇ ಪ್ರಶ್ನೆಯ ನಂತರ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿ ಐದೇ ಅಂಕ ತೆಗೆದ ಗುಂಡನಿಗೆ ಎಲ್ಲಿಲ್ಲದ ಬೇಡಿಕೆ.

"ಗುಂಡ ನಂಗಿರ್ಲಿ. ಅವರಮ್ಮಂಗೆ ಮಾತು ಕೊಟ್ಟಿದೀನಿ" ಎಂದರು ಭಾಷೆಯ ಮೇಷ್ಟ್ರು.

"ನಿನ್ನೆ ಅವನಿಗೆ ಬಿಸ್ಕತ್ ಕೊಟ್ಟಿದ್ದು ನಾನು ಸರ್" ಎಂದರು ಚಿಕ್ಕ ಮಿಸ್.

ಬಸ್ ಓಡಿಸುವ ಗುಂಡನ ಅಪ್ಪ ಗಾಬರಿಯಿಂದ ಶಾಲೆಗೇ ಬಂದರು. "ಇಷ್ಟು ವರ್ಷ ಅವನ ಮೇಲೆ ದೂರು ಹೇಳೋಕೆ ಕರೀತಿದ್ರಿ. ಈಗ ಮೂರು ಜನ ಫೋನ್ ಮಾಡಿ ಹೊಗಳ್ತಿದೀರಿ. ಹುಡುಗ ಏನಾದ್ರೂ ಮಾಡ್ಕೊಂಡುಬಿಟ್ನಾ?"

ಕೊನೆಗೆ ಪಟ್ಟಿಯಲ್ಲಿ ಉಳಿದವಳು ಒಬ್ಬಳೇ. ಕಿವಿಯ ಸಂದಿಯಲ್ಲಿ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡಿರುವುದರಿಂದ ಅವಳನ್ನು ಎಲ್ಲರೂ ಪೆನ್ಸಿಲ್ ಎಂದೇ ಕರೆಯುತ್ತಾರೆ. ಅಂಕ ನಲವತ್ತೊಂಬತ್ತು. "ನಿಮಗೇ ಇರ್ಲಿ ಮಿಸ್" ಎಂದು ಇಬ್ಬರೂ ನನ್ನ ಕಡೆ ತಳ್ಳಿದರು. ಆಗ ನಾನು ಆಡಿದ ಮಾತು ಇದು: "ಇವಳನ್ನ ಇಟ್ಕೊಂಡು ನಾನೇನ್ ಮಾಡ್ಲಿ? ವರ್ಷವಿಡೀ ಗಂಟಲು ಹರ್ಕೊಂಡ್ರೂ ಏರೋದು ಒಂದೇ ಅಂಕ." ಹಾಜರಿ ಪುಸ್ತಕ ಕೊಡಲು ಬಂದಿದ್ದ ಪೆನ್ಸಿಲ್ ಬಾಗಿಲ ಹತ್ತಿರವೇ ನಿಂತಿದ್ದಳು. ಪುಸ್ತಕವನ್ನು ಮೇಜಿನ ಮೇಲಿಟ್ಟು, ಅದರ ಅಂಚನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿ, ಹೋದಳು. ನನಗೆ ಆ ಕ್ಷಣವೇ ನಾಚಿಕೆಯಾಯಿತು. ಆದರೂ ಹಿಂದೆ ಹೋಗಿ ಕರೆಯಲಿಲ್ಲ.

ಎರಡು ದಿನಕ್ಕೆ ನಿಮ್ಮ ಸುತ್ತೋಲೆ ಬಂತು. ಪರೀಕ್ಷೆಗೆ ಕಳಿಸಿದ ಪ್ರಶ್ನೆಪತ್ರಿಕೆ ಐದನೇ ತರಗತಿಯದೆಂದು "ಈಗ ಗಮನಕ್ಕೆ ಬಂದಿರುವುದರಿಂದ" ಇನ್ನೊಮ್ಮೆ ಪರೀಕ್ಷೆ ನಡೆಸಬೇಕು, ಎರಡನೆಯ ಅಂಕವೇ ಅಂತಿಮ. ಅಂದರೆ ಹುಡುಗಿ ನಲವತ್ತೊಂಬತ್ತು ತೆಗೆದದ್ದು ತನ್ನ ತರಗತಿಯದ್ದೇ ಅಲ್ಲದ ಪತ್ರಿಕೆಯಲ್ಲಿ. ಸರಿಯಾದ ಪತ್ರಿಕೆ ಕೊಟ್ಟಾಗ ಅವಳಿಗೆ ಬಂದದ್ದು ಸೊನ್ನೆ.

ಸ್ವಾಮಿ, ಒಂದೊಂದು ಪ್ರಶ್ನೆಗೂ ನಾಲ್ಕು ಉತ್ತರ ಕೊಟ್ಟು ಒಂದಕ್ಕೆ ಗುರುತು ಹಾಕಿ ಎನ್ನುವ ಪರೀಕ್ಷೆ ನಿಮ್ಮದು. ಕಣ್ಣು ಮುಚ್ಚಿ ಗುರುತು ಹಾಕಿದರೂ ಹತ್ತು ಹನ್ನೆರಡು ಬರುತ್ತದೆ. ಐವತ್ತಕ್ಕೆ ಐವತ್ತೂ ತಪ್ಪಾಗಬೇಕಾದರೆ ಸರಿ ಉತ್ತರಗಳೆಲ್ಲ ಬಾಯಿಪಾಠ ಇರಬೇಕು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಪ್ರತಿ ಸರಿ ಉತ್ತರದ ಮೇಲೂ ಗುರುತು ಹಾಕಿ, ರಬ್ಬರಿನಿಂದ ಅಳಿಸಿ, ಪಕ್ಕದ್ದಕ್ಕೆ ಹಾಕಿದ್ದಳು.

ಕರೆದು ಕೇಳಿದೆ. "ಮಿಸ್, ಈಗ ನಾನು ಯಾರಿಗಾದ್ರೂ ಬೇಕಾಗ್ತೀನಾ?" ಎಂದಳು.

ಬೇಕಾದಳು, ಬೇಕಾದಳು. ಭಾಷೆಯ ಮೇಷ್ಟ್ರು ಅವಳಿಗಾಗಿ ಗುಂಡನನ್ನೇ ಬಿಟ್ಟುಕೊಡಲು ಸಿದ್ಧರಾದರು. ಹೆಡ್‌ಮಾಸ್ಟರು ಕೈ ಉಜ್ಜಿಕೊಂಡು, "ಸೊನ್ನೆಯಿಂದ ಐವತ್ತು. ವಲಯಕ್ಕೇ ನಾವು ಫಸ್ಟ್ ಕಣ್ರೀ" ಎಂದರು. ಅಷ್ಟರಲ್ಲಿ ನಿಮ್ಮ ಇನ್ನೊಂದು ನಿಯಮ ಎದ್ದುಬಂತು: ಹತ್ತಕ್ಕಿಂತ ಕಡಿಮೆ ಬಂದವರಿಗೆ ವರ್ಷವಿಡೀ, ಗಣಿತದ ಪಾಠದ ಹೊತ್ತಿಗೇ, ಮಣಿ ಎಣಿಸುವ ತರಬೇತಿ. ಹಾಗಾಗಿ ಭಿನ್ನರಾಶಿಯನ್ನು ಬಾಯಲ್ಲೇ ಕೂಡಿಸುವವಳು ಈಗ, ಎರಡನೇ ಸಲವೂ ನಿದ್ದೆ ಹೋದ ಗುಂಡನ ಪಕ್ಕದಲ್ಲಿ ಮಣಿ ಎಣಿಸುತ್ತಾಳೆ, ಅದನ್ನೂ ತಪ್ಪು ತಪ್ಪಾಗಿ. ಗುಂಡನೇ ಅವಳನ್ನು ತಿದ್ದುತ್ತಾನೆ. ಬಹುಶಃ ಈ ಇಡೀ ಯೋಜನೆಯಲ್ಲಿ ನಿಜವಾದ ಪ್ರಗತಿ ಸಾಧಿಸಿದವನು ಅವನೊಬ್ಬನೇ.

ಮೊನ್ನೆ ಅವಳ ಪಕ್ಕ ನೆಲದ ಮೇಲೆ ಕುಳಿತು, "ಸರಿಯಾಗೇ ಎಣಿಸಮ್ಮ, ನಿನ್ನನ್ನ ನಾನು ಕರ್ಕೊಂಡು ಹೋಗ್ತೀನಿ" ಎಂದೆ.

"ಎಣಿಸಿದ್ರೆ ಮತ್ತೆ ಬೇಡ ಅಂತೀರಲ್ವಾ ಮಿಸ್?" ಎಂದಳು.

ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದೇನೆ. ಇಂಥ ಪ್ರಶ್ನೆಯನ್ನು ಯಾವ ಮಗುವೂ ನನಗೆ ಕೇಳಿರಲಿಲ್ಲ. ಎದ್ದು ಬಂದು ಈ ಪತ್ರ ಬರೆಯಲು ಕುಳಿತೆ.

ಆದ್ದರಿಂದ ಕೇಳುತ್ತಿದ್ದೇನೆ. ಆ ಸೊನ್ನೆಯನ್ನು ಹೊಡೆದುಹಾಕಿ, ಅವಳ ನಲವತ್ತೊಂಬತ್ತನ್ನು ಅವಳಿಗೆ ಕೊಟ್ಟುಬಿಡಿ, ಅವಳನ್ನು ನನ್ನ ವಿಭಾಗಕ್ಕೆ ಕಳಿಸಿ. ನನ್ನ ಬಾಯಿಮಾತನ್ನು ಅವಳು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ, ಕಾಗದದಲ್ಲಿ ತೋರಿಸಬೇಕು. ನಿಮ್ಮ ನಮೂನೆಯಲ್ಲಿ "ನಿರೀಕ್ಷಿತ ಪ್ರಗತಿ" ಎಂಬ ಅಂಕಣವಿದೆ. ಅವಳ ಹೆಸರಿನ ಮುಂದೆ "ಒಂದು ಅಂಕ" ಎಂದು ಬರೆದು ನಾನು ಸಹಿ ಹಾಕಿದ್ದೇನೆ. ನಿಮ್ಮ ಸಹಿಯೊಂದು ಬಾಕಿ ಇದೆ.

ಇಂತಿ,
ಒಂದೇ ಅಂಕಕ್ಕೆ ವರ್ಷವಿಡೀ ಗಂಟಲು ಹರಿದುಕೊಳ್ಳಲು ತಯಾರಾಗಿರುವ
ನಾಲ್ಕನೇ ತರಗತಿಯ ಗಣಿತದ ಮಿಸ್