ಕೆಂಪು ಲಂಗ

ಕುಸ್ಕೋ, ಭಾನುವಾರ

ಅಮ್ಮ,

ಗುರುವಾರ ಪ್ರವಾಸಿಗರನ್ನು ಹಿಮಬೆಟ್ಟಕ್ಕೆ ನಮ್ಮೂರ ಹಾದಿಯಲ್ಲೇ ಕರೆತರುತ್ತಿದ್ದೇನೆ. ಅವರಿಗೆ ಆಲೂಗಡ್ಡೆ ಬೇಯಿಸಿಡು. ನೀನು ಹಬ್ಬದ ಕೆಂಪು ಲಂಗ ಹಾಕಿಕೊಂಡಿರು.

"ನಿಮ್ಮಮ್ಮ ಕಪ್ಪು ಹಾಕ್ಕೊಂಡು ಕೂತ್ರೆ ಫೋಟೋ ಕೆಡುತ್ತೆ ಕಣೋ. ಸಾವಿನ ಮನೆ ನೋಡೋಕೆ ಯಾರು ಬರ್ತಾರೆ?" ಅಂದರು ನಮ್ಮ ಯಜಮಾನರು. ಅಣ್ಣ ಸತುರ್ನಿನೋ ಇದೇ ಯಜಮಾನರ ಪ್ರವಾಸಿಗರ ಮೂಟೆ ಹೊತ್ತು ಜಾರಿಬಿದ್ದು ಸತ್ತದ್ದನ್ನು ನಾನು ನೆನಪಿಸಲಿಲ್ಲ.

ಅವನು ಬಿದ್ದಲ್ಲಿ ನೀನು ಪೇರಿಸಿದ ಕಲ್ಲುಗುಡ್ಡೆಯನ್ನು ಇಂಕಾ ಕಾಲದ್ದೆಂದು ತೋರಿಸಬೇಕಂತೆ. ಶಿಲುಬೆಯನ್ನು ಮೊದಲೇ ಕಿತ್ತಿಡು. ಯಾರಾದರೂ ಅದರ ಮೇಲೆ ಹತ್ತಿ ನಿಂತರೆ ಬಯ್ಯಬೇಡ.

ಅಳು ತಡೆಯಲಾಗದಿದ್ದರೆ ರಾಗ ಎಳೆದು ಅಳು. ನಮ್ಮ ಕೆಚುವಾ ಮಾತು ಅವರಿಗೆ ತಿಳಿಯುವುದಿಲ್ಲ. ಇಂಕಾ ಕಾಲದ ಹಾಡು ಎಂದು ಹೇಳುತ್ತೇನೆ.

ನಿನ್ನ ಉಳಿದ ಮಗ,
ಎಫ್ರಾಯಿನ್