ಕೆನ್ನೆಯೊಳಗಿನ ದಾರ

ಬೀದರ
೧೫ ಜೂನ್, ರವಿವಾರ

ಕುಣಾಲನ ಅಪ್ಪನವರಿಗೆ ಮಹಾಮಾಯಾಳ ಪ್ರೀತಿಯ ಜೈಭೀಮ.

ಆರೋಗ್ಯ ಹೇಗಿದೆ? ಮೊಣಕಾಲಿಗೆಂದು ಕ್ಯಾಂಪಿನ ಡಾಕ್ಟರು ಕೊಟ್ಟ ಎಣ್ಣೆ ಹಚ್ಚುತ್ತಿದ್ದೀರೋ, ಟ್ರಂಕಿನಲ್ಲೇ ಇಟ್ಟಿದ್ದೀರೋ? ಅಸ್ಸಾಮಿನಲ್ಲಿ ಮಳೆ ಜೋರಂತೆ, ಒದ್ದೆ ಬೂಟಿನಲ್ಲಿ ತಿರುಗಬೇಡಿ. ನಾನು, ಮಗ ಕುಣಾಲ ಇಬ್ಬರೂ ಆರಾಮ. ಹುಣ್ಣಿಮೆಯಿಂದ ನೀವು ನನ್ನ ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಇದನ್ನು ನಡುವೆ ಕಟ್ ಮಾಡಲು ಬರುವುದಿಲ್ಲವಲ್ಲ.

ಟೈಫಾಯ್ಡ್ ಆದಮೇಲೆ ನನ್ನ ಕೆನ್ನೆ ಜೋತುಬಿದ್ದು, ನಗುತ್ತಿದ್ದರೂ ಅತ್ತವಳಂತೆ ಕಾಣುತ್ತಿದ್ದೆ. ಶಾಲೆಯ ಕೆಲಸಕ್ಕೆಂದು ಭಾಲ್ಕಿ ಬಸ್ ಹತ್ತಿದರೆ ಸಾಕು, ಯಾರಾದರೊಬ್ಬರು 'ಸಾಹೇಬರ ಕಡಿಂದ ಏನರ ಸುದ್ದಿ ಬಂತೇನ್ರಿ?' ಎಂದು ಮೆಲ್ಲಗೆ ಕೇಳುತ್ತಿದ್ದರು. ಬಂದೂಕು ಹಿಡಿದು ದೂರವಿರುವವರ ಹೆಂಡತಿಗೆ ಆ ಪ್ರಶ್ನೆ ಕೇಳಿದರೆ ಎದೆ ಹೇಗೆ ಹೊಡೆದುಕೊಳ್ಳುತ್ತದೆಂದು ಅವರಿಗೇನು ಗೊತ್ತು. ಹುಣ್ಣಿಮೆಗೆ ಸ್ವಲ್ಪ ಮೊದಲು ಸಾಕಾಗಿ ಹೈದರಾಬಾದಿಗೆ ಹೋದೆ. ಡಾಕ್ಟರಮ್ಮ ಎರಡು ದಾರಿ ಹೇಳಿದರು. ಒಂದು, ಕಿವಿಯ ಪಕ್ಕ ಕೊಯ್ದು ಚರ್ಮ ಎಳೆದು ಹೊಲಿಯುವ ಆಪರೇಷನ್. ಇನ್ನೊಂದು, ಸೂಜಿಯಿಂದ ಚರ್ಮದ ಕೆಳಗೆ ದಾರ ಸೇರಿಸಿ ಕೆನ್ನೆಯನ್ನು ಎತ್ತಿ ನಿಲ್ಲಿಸುವುದು. ಅಂದೇ ಮನೆಗೆ ಬರಬಹುದು, ದಾರ ತಾನಾಗಿ ಕರಗುತ್ತದೆ, ಒಂದೆರಡು ವರ್ಷದಲ್ಲಿ ಕೆನ್ನೆ ಮತ್ತೆ ಇಳಿಯುತ್ತದೆ. ಕೊಯ್ಯುವುದಕ್ಕೆ ಹೆದರಿ ದಾರ ಹಾಕಿಸಿಕೊಂಡೆ. ನೀವು ರಜೆಗೆ ಬಂದಾಗಲೇ ನೋಡಲಿ ಎಂದು ನಿಮಗೂ ಹೇಳಲಿಲ್ಲ. ಕೆಲವು ವಾರ ಬಾಯ್ತುಂಬ ನಗಬಾರದು, ಮುಖ ಯಾರೂ ಒತ್ತಬಾರದು ಎಂದು ಡಾಕ್ಟರಮ್ಮ ಹೇಳಿದ್ದರು.

ಹುಣ್ಣಿಮೆಯ ಬುದ್ಧ ವಂದನೆಗೆ ನಿಮ್ಮೂರು ಚಿಂತಾಕಿಗೆ ಹೋದಾಗ ಅತ್ತೆ ಹೊಸ್ತಿಲಲ್ಲೇ ಎರಡೂ ಕೈ ಚಾಚಿದರು. ನಿಮ್ಮ ಅವ್ವ ದೃಷ್ಟಿ ತೆಗೆಯುವ ರೀತಿ ನಿಮಗೆ ಗೊತ್ತಲ್ಲ. ಕೆನ್ನೆ ಗಟ್ಟಿಯಾಗಿ ಸವರಿ, ತಮ್ಮ ಹಣೆಯ ಪಕ್ಕಕ್ಕೆ ಬೆರಳೊತ್ತಿ ನಟಿಕೆ ಮುರಿಯದೆ ಯಾರನ್ನೂ ಒಳಗೆ ಬಿಡುವುದಿಲ್ಲ. ನಾನು ಹಿಂದೆ ಸರಿದು, ಓಣಿಯ ಹೆಂಗಸರ ಎದುರಿಗೆ, 'ಮುಟ್ಟಬ್ಯಾಡ್ರಿ ಅತ್ತಿ' ಎಂದುಬಿಟ್ಟೆ. ಸಣ್ಣವರಿದ್ದಾಗ ಊರ ಬಾವಿಯ ಹತ್ತಿರ ಅವರು ಕೇಳಿಸಿಕೊಂಡ ಮಾತು ಅದೇ. ಇಷ್ಟು ವರ್ಷದ ಮೇಲೆ ಸ್ವಂತ ಮನೆಯ ಹೊಸ್ತಿಲಲ್ಲಿ, ಸೊಸೆಯ ಬಾಯಿಂದ ಬಂತು. ಚಾಚಿದ ಕೈ ಎಲ್ಲಿಡಬೇಕೆಂದು ತಿಳಿಯದೆ ಅವರು ನಿಂತರು. ದಾರದ ವಿಷಯ ಅಷ್ಟು ಜನರ ಮುಂದೆ ಹೇಳಲು ನಾಚಿ ನಾನು ತಲೆ ತಗ್ಗಿಸಿ ಒಳಗೆ ನಡೆದೆ. ಅವರು ಊಟಕ್ಕೂ ಏಳಲಿಲ್ಲ. 'ಸೊಸಿಗಿ ಈಗ ನನ್ನ ಕೈ ಬ್ಯಾಡಾಗ್ಯಾವ' ಎಂದು ನಿಮಗೆ ಫೋನಿನಲ್ಲಿ ಹೇಳಿದ್ದರಲ್ಲಿ ಅವರ ತಪ್ಪಿಲ್ಲ. ನನ್ನನ್ನು ಒಂದು ಮಾತೂ ಕೇಳದೆ ನೀವು ಮುನಿದದ್ದು ಮಾತ್ರ ತಪ್ಪು. ಆದರೆ ಆ ಕೈಗಳು ಕಣ್ಣ ಮುಂದಿಂದ ಹೋಗುತ್ತಿಲ್ಲ, ಬಹಳ ಸಂಕಟವಾಗಿದೆ.

ಕುಣಾಲ ನಿಮ್ಮನ್ನು ಕೇಳುತ್ತಿರುತ್ತಾನೆ. ಮೈ ಜೋಪಾನ.

ನಿಮ್ಮ
ಮಹಾಮಾಯಾ

ತಾ.ಕ.: ಕಾಗದ ಮಡಚಿದ ಮೇಲೆ ಮನಸ್ಸು ತಡೆಯದೆ ಔರಾದ ಬಸ್ ಹತ್ತಿ ಚಿಂತಾಕಿಗೆ ಹೋಗಿ ಬಂದೆ. ಅತ್ತೆಗೆ ಎಲ್ಲ ಹೇಳಿದೆ. ಅವರು 'ಮದಲೇ ಹೇಳಬಾರ್ದೇನವಾ? ದಾರ ಕರಗೋತನ ನಾ ಮುಟ್ಟಂಗಿಲ್ಲ ತಗೋ' ಎಂದು ಎರಡೂ ಕೈ ಸೆರಗಿನೊಳಗೆ ಮುಚ್ಚಿಟ್ಟುಕೊಂಡರು. ಅದನ್ನು ನೋಡಲಾಗಲಿಲ್ಲ. ಆ ಕೈಗಳನ್ನು ನಾನೇ ಹೊರಗೆಳೆದು ಕೆನ್ನೆಗೆ ಒತ್ತಿಕೊಂಡೆ. ಅವರು ಗಟ್ಟಿಯಾಗಿಯೇ ಸವರಿದರು, ನಟಿಕೆ ಎಲ್ಲ ಮುರಿದವು. ಈಗ ಬಲಗೆನ್ನೆ ಮೇಲಿದೆ, ಎಡಗೆನ್ನೆ ಕೆಳಗಿಳಿದಿದೆ. ಇಬ್ಬರೂ ಬಾಯ್ತುಂಬ ನಕ್ಕೆವು. ಫೋನ್ ಎತ್ತಿರಿ, ಸೊಟ್ಟ ಮುಖ ತೋರಿಸುತ್ತೇನೆ.